ಒಡೆಯಲಾಗದ ಸಂಖ್ಯೆ ಮತ್ತು ಲಿಯೊನಾರ್ಡ್ ಆಯ್ಲರ್



ಚದುರಂಗದ ಹಲಗೆಯನ್ನು ನೀವು ನೋಡಿದ್ದೀರಿ. ಅದರಲ್ಲಿ 64 ಮನೆಗಳಿವೆ. ಮೊದಲ ಮನೆಯಲ್ಲಿ ಒಂದು ರಾಗಿಕಾಳು ಇಡಿ. ಎರಡನೆಯ ಮನೆಯಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ನಾಲ್ಕನೆಯದರಲ್ಲಿ ಎಂಟು. ಹೀಗೆ ಪ್ರತಿ ಮನೆಗೂ ಹಿಂದಿನ ಮನೆಯ ಎರಡರಷ್ಟು ಕಾಳು. ಹತ್ತನೆಯ ಮನೆಗೆ 512 ಕಾಳು ಸಾಕು. ಆದರೆ 21ನೆಯ ಮನೆಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಬೇಕು! 31ನೆಯ ಮನೆಯವರೆಗೆ ತುಂಬಿಸಿ ನಿಲ್ಲಿಸೋಣ. ಅಷ್ಟರಲ್ಲಿ ಹತ್ತಾರು ಮೂಟೆ ರಾಗಿ ಖರ್ಚಾಗಿರುತ್ತದೆ. ಒಟ್ಟು ಕಾಳುಗಳ ಸಂಖ್ಯೆ 214,74,83,647. ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.

ಈಗ ಈ ಕಾಳುಗಳನ್ನು ಸಮವಾಗಿ ಹಂಚಬೇಕು. ಇಬ್ಬರಿಗೆ ಹಂಚಿದರೆ ಒಂದು ಕಾಳು ಉಳಿಯುತ್ತದೆ. ಮೂವರಿಗೆ ಹಂಚಿದರೂ ಒಂದು ಉಳಿಯುತ್ತದೆ. ಐವರಿಗೆ ಹಂಚಿದರೆ ಎರಡು ಉಳಿಯುತ್ತವೆ. ಏಳು ಜನರಿಗೆ? ಮತ್ತೆ ಒಂದು ಉಳಿಯಿತು. ಹನ್ನೊಂದು ಜನರಿಗೆ? ಆಗಲೂ ಒಂದು. ಶೇಷವಿಲ್ಲದೆ ಹಂಚಲು ಯಾವುದಾದರೂ ಗುಂಪು ಸಿಕ್ಕೀತೇ? ಅಥವಾ ಈ ಸಂಖ್ಯೆಯನ್ನು ಒಡೆಯಲು ಆಗುವುದೇ ಇಲ್ಲವೇ?

ಈ ಪ್ರಶ್ನೆಗೆ ಸಂಶಯವಿಲ್ಲದ ಉತ್ತರ ಕೊಟ್ಟವರು ಲಿಯೊನಾರ್ಡ್ ಆಯ್ಲರ್. ವರ್ಷ 1772. ಆಗ ಅವರಿಗೆ ವಯಸ್ಸು 65. ಗಣಕಯಂತ್ರವಾಗಲಿ ಕ್ಯಾಲ್ಕುಲೇಟರ್ ಆಗಲಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಕಣ್ಣೇ ಕಾಣುತ್ತಿರಲಿಲ್ಲ. ಬನ್ನಿ, ಅವರ ಕಥೆಯನ್ನು ತಿಳಿಯೋಣ.

ಶನಿವಾರದ ಪಾಠ

ಆಯ್ಲರ್ ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ತಂದೆ ಪಾಲ್ ಆಯ್ಲರ್ ಚರ್ಚಿನ ಪಾದ್ರಿ. ಬಾಲ್ಯ ಕಳೆದದ್ದು ಬಾಸೆಲ್ ಪಕ್ಕದ ರೀಹೆನ್ ಎಂಬ ಊರಿನಲ್ಲಿ. ತಂದೆಗೆ ಗಣಿತದಲ್ಲಿ ಆಸಕ್ತಿಯಿತ್ತು. ತಾವು ವಿದ್ಯಾರ್ಥಿಯಾಗಿದ್ದಾಗ ಅವರು ಜೇಕಬ್ ಬರ್ನೂಲಿ ಎಂಬ ದೊಡ್ಡ ಗಣಿತಜ್ಞರ ಉಪನ್ಯಾಸಗಳನ್ನು ಕೇಳಿದ್ದರು. ಮಗನಿಗೆ ಮೊದಲ ಲೆಕ್ಕ ಹೇಳಿಕೊಟ್ಟವರೂ ಅವರೇ.

13ನೆಯ ವಯಸ್ಸಿಗೆ ಹುಡುಗ ಬಾಸೆಲ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಜೇಕಬ್ ಅವರ ತಮ್ಮ ಯೋಹಾನ್ ಬರ್ನೂಲಿ ಪ್ರಾಧ್ಯಾಪಕರಾಗಿದ್ದರು. ಅವರು ಆಗ ಯುರೋಪಿನ ಹೆಸರಾಂತ ಗಣಿತಜ್ಞರಲ್ಲಿ ಒಬ್ಬರು. ತುಂಬ ಕೆಲಸದವರು, ಹುಡುಗನಿಗೆ ದಿನವೂ ಪಾಠ ಹೇಳಲು ಅವರಿಗೆ ಬಿಡುವಿರಲಿಲ್ಲ. ಆದ್ದರಿಂದ ಒಂದು ಏರ್ಪಾಡು ಮಾಡಿದರು. ಹುಡುಗ ವಾರವಿಡೀ ಕಷ್ಟದ ಪುಸ್ತಕಗಳನ್ನು ತಾನೇ ಓದಬೇಕು. ಅರ್ಥವಾಗದ ಕಡೆ ಗುರುತು ಮಾಡಿಕೊಂಡು ಶನಿವಾರ ಮಧ್ಯಾಹ್ನ ಬಂದು ಕೇಳಬೇಕು. ಗುರುಗಳ ಸಮಯ ಹಾಳಾಗಬಾರದೆಂದು ಹುಡುಗ ಆದಷ್ಟು ಕಡಿಮೆ ಪ್ರಶ್ನೆಗಳು ಉಳಿಯುವಂತೆ ತಾನೇ ಹೆಣಗಾಡುತ್ತಿದ್ದ. ಈ ಹೆಣಗಾಟವೇ ಅವನನ್ನು ಗಣಿತಜ್ಞನನ್ನಾಗಿ ಮಾಡಿತು ಎನ್ನಬಹುದು.

ತಂದೆಗೆ ಮಗನೂ ಪಾದ್ರಿಯಾಗಲಿ ಎಂಬ ಆಸೆ. ಆದರೆ ಯೋಹಾನ್ ಬರ್ನೂಲಿ ಹುಡುಗನ ಶಕ್ತಿಯನ್ನು ಗುರುತಿಸಿದ್ದರು. ಅವರು ತಂದೆಯೊಂದಿಗೆ ಮಾತನಾಡಿ ಒಪ್ಪಿಸಿದರು. ಒಬ್ಬ ಶಿಕ್ಷಕರು ಮಧ್ಯೆ ಬಂದದ್ದರಿಂದ ಗಣಿತದ ಚರಿತ್ರೆಯೇ ಬದಲಾಯಿತು.

ಗೋಲ್ಡ್‌ಬಾಕ್ ಬರೆದ ಪತ್ರ

1727ರಲ್ಲಿ, 20ನೆಯ ವಯಸ್ಸಿನಲ್ಲಿ, ಆಯ್ಲರ್ ರಷ್ಯಾದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟರು. ಅಲ್ಲಿ ಹೊಸದಾಗಿ ವಿಜ್ಞಾನ ಅಕಾಡೆಮಿ ಆರಂಭವಾಗಿತ್ತು. ಯೋಹಾನ್ ಬರ್ನೂಲಿಯವರ ಮಗ ಡೇನಿಯಲ್ ಅದಾಗಲೇ ಅಲ್ಲಿದ್ದರು. 1733ರಲ್ಲಿ ಡೇನಿಯಲ್ ಊರಿಗೆ ಹಿಂದಿರುಗಿದಾಗ ಅಕಾಡೆಮಿಯ ಗಣಿತ ವಿಭಾಗದ ಹೊಣೆ ಆಯ್ಲರ್ ಹೆಗಲಿಗೆ ಬಂತು.

ಅಕಾಡೆಮಿಯಲ್ಲಿ ಗೋಲ್ಡ್‌ಬಾಕ್ ಎಂಬ ಹಿರಿಯ ಮಿತ್ರರೊಬ್ಬರಿದ್ದರು. ಅವರಿಗೆ ಅಂಕಿಗಳ ಒಗಟುಗಳೆಂದರೆ ಪ್ರಾಣ. 1729ರ ಡಿಸೆಂಬರಿನಲ್ಲಿ ಅವರು ಆಯ್ಲರ್‌ಗೆ ಬರೆದ ಪತ್ರದಲ್ಲಿ ಒಂದು ಪ್ರಶ್ನೆ ಕೇಳಿದರು. ಫ್ರಾನ್ಸಿನ ಫರ್ಮಾ ಎಂಬ ಮೇಧಾವಿ ಸುಮಾರು 90 ವರ್ಷಗಳ ಹಿಂದೆ ಈ ಸಂಖ್ಯೆಗಳನ್ನು ನೋಡಿದ್ದರು: 3, 5, 17, 257, 65537. ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಮತ್ತು ಅದೇ ಸಂಖ್ಯೆಯ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗಳು. ಒಂದು ಸಂಖ್ಯೆಯಿಂದ 1 ಕಳೆದು, ಅದರ ವರ್ಗ ಮಾಡಿ, ಮತ್ತೆ 1 ಕೂಡಿದರೆ ಮುಂದಿನ ಸಂಖ್ಯೆ ಸಿಗುತ್ತದೆ. 5ರಿಂದ 1 ಕಳೆದರೆ 4. ಅದರ ವರ್ಗ 16. 1 ಕೂಡಿದರೆ 17. ಹೀಗೆ ಎಷ್ಟು ಮುಂದೆ ಹೋದರೂ ಸಿಗುವುದೆಲ್ಲ ಅವಿಭಾಜ್ಯವೇ ಎಂದು ಫರ್ಮಾ ನಂಬಿದ್ದರು. ಇದು ನಿಜವೇ? ಗೋಲ್ಡ್‌ಬಾಕ್ ಕೇಳಿದ್ದು ಇಷ್ಟೇ.

ಮುಂದಿನ ಸಂಖ್ಯೆ 429,49,67,297. ಇದನ್ನು ಒಡೆಯಬಲ್ಲ ಸಂಖ್ಯೆಗಾಗಿ 3, 7, 11, 13 ಎಂದು ಒಂದೊಂದಾಗಿ ಹುಡುಕುತ್ತಾ ಹೋದರೆ ಬಹಳ ಕಾಲ ಬೇಕು. ಆಯ್ಲರ್ ಹಾಗೆ ಮಾಡಲಿಲ್ಲ. ಇದನ್ನು ಒಡೆಯುವ ಅವಿಭಾಜ್ಯ ಸಂಖ್ಯೆ ಯಾವುದಾದರೂ ಇದ್ದರೆ, ಅದನ್ನು 64ರಿಂದ ಭಾಗಿಸಿದಾಗ 1 ಶೇಷ ಉಳಿಯಲೇಬೇಕು ಎಂದು ಅವರು ಕಂಡುಕೊಂಡರು. ಅಂಥ ಅವಿಭಾಜ್ಯಗಳು 193, 257, 449, 577, 641... ಐದನೆಯದರಲ್ಲೇ ಉತ್ತರ ಸಿಕ್ಕಿತು!

641 × 67,00,417 = 429,49,67,297

1732ರಲ್ಲಿ ಆಯ್ಲರ್ ಇದನ್ನು ಅಕಾಡೆಮಿಗೆ ತಿಳಿಸಿದರು. ಫರ್ಮಾ ಅಂಥವರ ನಂಬಿಕೆಯೂ ತಪ್ಪಾಗಿತ್ತು. ಮೊದಲ ಐದು ಉದಾಹರಣೆಗಳು ಸರಿಯಾಗಿವೆ ಎಂದ ಮಾತ್ರಕ್ಕೆ ಆರನೆಯದೂ ಸರಿ ಎನ್ನುವಂತಿಲ್ಲ. ಗಣಿತದಲ್ಲಿ ದೊಡ್ಡವರು ಹೇಳಿದ್ದಾರೆ ಎಂಬುದು ಸಾಕ್ಷಿಯಾಗುವುದಿಲ್ಲ. ಸಾಧಿಸಿ ತೋರಿಸಬೇಕು.

ಒಂದು ಕಣ್ಣು ಹೋಯಿತು

1734ರಲ್ಲಿ ಆಯ್ಲರ್ ಕ್ಯಾಥರೀನಾ ಗ್ಸೆಲ್ ಅವರನ್ನು ಮದುವೆಯಾದರು. ಅವರು ಚಿತ್ರಕಾರರೊಬ್ಬರ ಮಗಳು. ದಂಪತಿಗಳಿಗೆ 13 ಮಕ್ಕಳು ಹುಟ್ಟಿದರೂ ಬಾಲ್ಯ ದಾಟಿ ಬದುಕಿದ್ದು ಐವರು ಮಾತ್ರ. ಲಸಿಕೆಗಳೂ ಒಳ್ಳೆಯ ಔಷಧಗಳೂ ಇಲ್ಲದ ಕಾಲವದು.

1735ರಲ್ಲಿ ಆಯ್ಲರ್ ತೀವ್ರ ಜ್ವರದಿಂದ ಸಾವಿನ ಅಂಚಿಗೆ ಹೋಗಿ ಬಂದರು. 1738ರ ಹೊತ್ತಿಗೆ ಬಲಗಣ್ಣಿನ ದೃಷ್ಟಿ ಹೋಯಿತು. ಆದರೂ ಕೆಲಸ ನಿಲ್ಲಲಿಲ್ಲ. ಇದೇ ಅವಧಿಯಲ್ಲಿ ಅವರು ಕೋನಿಗ್ಸ್‌ಬರ್ಗ್ ಪಟ್ಟಣದ ಸೇತುವೆಗಳ ಒಗಟನ್ನು ಬಿಡಿಸಿದರು. ಆ ಪಟ್ಟಣದಲ್ಲಿ ನದಿಗೆ ಏಳು ಸೇತುವೆಗಳಿದ್ದವು. ಒಂದೇ ಸೇತುವೆಯನ್ನು ಎರಡು ಸಲ ದಾಟದೆ ಏಳನ್ನೂ ದಾಟಿ ಬರಬಹುದೇ ಎಂಬುದು ಊರಿನವರ ಪ್ರಶ್ನೆ. ನೆಲದ ಒಂದು ಭಾಗಕ್ಕೆ ಒಂದು ಸೇತುವೆಯಿಂದ ಬಂದರೆ ಇನ್ನೊಂದರಿಂದ ಹೊರಗೆ ಹೋಗಬೇಕಲ್ಲವೇ? ಹಾಗಾಗಿ ಹೊರಡುವ ಮತ್ತು ಮುಗಿಸುವ ಜಾಗ ಬಿಟ್ಟು ಉಳಿದೆಡೆ ಸೇತುವೆಗಳ ಸಂಖ್ಯೆ ಸಮವಾಗಿರಬೇಕು. ಅಲ್ಲಿ ನಾಲ್ಕು ಭಾಗಗಳಿಗೂ ಇದ್ದದ್ದು ಬೆಸ ಸಂಖ್ಯೆಯ ಸೇತುವೆಗಳು. ಆದ್ದರಿಂದ ಸಾಧ್ಯವಿಲ್ಲ! ಊರಿಗೆ ಹೋಗಿ ಒಂದು ಹೆಜ್ಜೆಯನ್ನೂ ಇಡದೆ ಬರಿಯ ಯೋಚನೆಯಿಂದ ಉತ್ತರ ಕೊಟ್ಟರು.

ನಮ್ಮ ದೇಶಕ್ಕೂ ಅವರ ಬರಹಕ್ಕೂ ಒಂದು ನಂಟಿದೆ. 1738ರಲ್ಲಿ ಪ್ರಕಟವಾದ ಒಂದು ಇತಿಹಾಸ ಗ್ರಂಥಕ್ಕೆ ಭಾರತೀಯರು ಸೌರವರ್ಷವನ್ನು ಲೆಕ್ಕ ಹಾಕುವ ಕ್ರಮದ ಬಗ್ಗೆ ಆಯ್ಲರ್ ಒಂದು ಟಿಪ್ಪಣಿ ಬರೆದುಕೊಟ್ಟಿದ್ದರು.

1741ರಲ್ಲಿ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್ ಆಯ್ಲರ್ ಅವರನ್ನು ಬರ್ಲಿನ್‌ಗೆ ಕರೆಸಿಕೊಂಡ. ಅಲ್ಲಿ ಅವರು 25 ವರ್ಷ ದುಡಿದರು. ಪುಸ್ತಕ ಬರೆಯುವುದರ ಜೊತೆಗೆ ನೀರಿನ ಕಾಲುವೆ, ಲಾಟರಿ ಲೆಕ್ಕ, ಪಂಚಾಂಗ ಎಂದು ದೊರೆ ಒಪ್ಪಿಸಿದ ಎಲ್ಲ ಕೆಲಸವನ್ನೂ ಮಾಡಿದರು. ಆದರೆ ಸರಳ ಸ್ವಭಾವದ, ಆಡಂಬರವಿಲ್ಲದ ಈ ಗಣಿತಜ್ಞ ದೊರೆಗೆ ರುಚಿಸಲಿಲ್ಲ. ಗ್ರೀಕ್ ಕಥೆಗಳ ಒಕ್ಕಣ್ಣಿನ ರಾಕ್ಷಸನಿಗೆ ಹೋಲಿಸಿ ದೊರೆ ಅವರನ್ನು ಹಾಸ್ಯ ಮಾಡುತ್ತಿದ್ದ. ಕಣ್ಣು ಕಳೆದುಕೊಂಡವರನ್ನು ಹೀಗೆ ಅಣಕಿಸುವುದು ಎಷ್ಟು ಕೀಳು, ನೀವೇ ಯೋಚಿಸಿ. 1766ರಲ್ಲಿ ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ ಗೌರವದಿಂದ ಕರೆದಾಗ ಆಯ್ಲರ್ ಸೇಂಟ್ ಪೀಟರ್ಸ್‌ಬರ್ಗ್‌ಗೆ ಮರಳಿದರು.

ಕತ್ತಲು ಮತ್ತು ಬೆಂಕಿ

ರಷ್ಯಾಕ್ಕೆ ಬಂದ ಹೊಸದರಲ್ಲೇ ಇನ್ನೊಂದು ಆಘಾತ. ಉಳಿದಿದ್ದ ಎಡಗಣ್ಣಿಗೂ ಪೊರೆ ಬಂದು ನೋಟ ಮಂಜಾಗುತ್ತಾ ಹೋಯಿತು. 1771ರಲ್ಲಿ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. ಕೆಲವು ದಿನ ಬೆಳಕು ಕಂಡಿತು. ಆಮೇಲೆ ಕಣ್ಣಿಗೆ ಸೋಂಕು ತಗುಲಿ, ಬಂದ ಬೆಳಕು ಹೊರಟುಹೋಯಿತು. ಆಯ್ಲರ್ ಹೆಚ್ಚುಕಡಿಮೆ ಪೂರ್ತಿ ಕುರುಡರಾದರು.

ಅದೇ 1771ರಲ್ಲಿ ಪಟ್ಟಣದಲ್ಲಿ ದೊಡ್ಡ ಬೆಂಕಿ ಅನಾಹುತವಾಯಿತು. ಆಯ್ಲರ್ ಅವರ ಮನೆಗೂ ಬೆಂಕಿ ಹತ್ತಿತು. ಕಣ್ಣು ಕಾಣದ ಅವರು ಒಳಗೇ ಸಿಕ್ಕಿಹಾಕಿಕೊಂಡರು. ಬಾಸೆಲ್ಲಿನಿಂದಲೇ ಬಂದಿದ್ದ ಪೀಟರ್ ಗ್ರಿಮ್ ಎಂಬ ಕುಶಲಕರ್ಮಿ ಒಳಗೆ ನುಗ್ಗಿ ಅವರನ್ನು ಹೆಗಲ ಮೇಲೆ ಹೊತ್ತು ಹೊರತಂದ. ಮನೆ ಸುಟ್ಟುಹೋಯಿತು. ಪುಸ್ತಕಗಳೂ ಹೋದವು. ಪುಣ್ಯಕ್ಕೆ ಕೈಬರಹದ ಹಾಳೆಗಳಲ್ಲಿ ಹೆಚ್ಚಿನವು ಉಳಿದವು. 1773ರಲ್ಲಿ ಹೆಂಡತಿ ಕ್ಯಾಥರೀನಾ ತೀರಿಕೊಂಡರು.

ಇಷ್ಟಾದ ಮೇಲೆ ಯಾರಾದರೂ ಕೈಚೆಲ್ಲಿ ಕುಳಿತರೆ ನಾವು ತಪ್ಪು ಎನ್ನುವುದಿಲ್ಲ. ಆಯ್ಲರ್ ಮಾತ್ರ ಕೆಲಸ ಮುಂದುವರಿಸಿದರು. ಬಾಲ್ಯದಿಂದಲೂ ಅವರ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಉದ್ದುದ್ದ ಲೆಕ್ಕಗಳನ್ನು ಮನಸ್ಸಿನಲ್ಲೇ ಮಾಡಿ, ಬಾಯಿಂದ ಹೇಳುತ್ತಿದ್ದರು. ದೊಡ್ಡ ಮಗ ಯೋಹಾನ್ ಆಲ್ಬ್ರೆಕ್ಟ್, ಶಿಷ್ಯರಾದ ಕ್ರಾಫ್ಟ್, ಲೆಕ್ಸೆಲ್, ಮುಂದೆ ಫುಸ್ ಎಂಬ ತರುಣ ಇವರೆಲ್ಲ ಬರೆದುಕೊಳ್ಳುತ್ತಿದ್ದರು. ಬೀಜಗಣಿತದ ಒಂದು ಪಠ್ಯಪುಸ್ತಕವನ್ನು ಅವರು ಹೇಳಿ ಬರೆಸಿದ್ದು ಮೊದಲು ದರ್ಜಿ ಕೆಲಸ ಕಲಿತಿದ್ದ ಒಬ್ಬ ಹುಡುಗನಿಂದ. ಬರೆಯುತ್ತಾ ಬರೆಯುತ್ತಾ ಆ ಹುಡುಗ ಬೀಜಗಣಿತವನ್ನೇ ಕಲಿತುಬಿಟ್ಟನಂತೆ! ಕಣ್ಣು ಹೋದ ಮೇಲೆ ಆಯ್ಲರ್ ಬರವಣಿಗೆ ಕಡಿಮೆಯಾಗುವ ಬದಲು ಹೆಚ್ಚಾಯಿತು. 1775ರಲ್ಲಿ ಸರಾಸರಿ ವಾರಕ್ಕೊಂದು ಪ್ರಬಂಧ ಹೊರಬಂತು.

31 ಮನೆಯ ರಹಸ್ಯ

ಈಗ ನಮ್ಮ ರಾಗಿಕಾಳಿಗೆ ಬರೋಣ. 31 ಮನೆಗಳ ಒಟ್ಟು ಕಾಳು ಎಷ್ಟೆಂದು ತಿಳಿಯಲು ಎಲ್ಲವನ್ನೂ ಕೂಡಬೇಕಾಗಿಲ್ಲ. ಮೊದಲ ಮೂರು ಮನೆ ನೋಡಿ: 1 + 2 + 4 = 7. ನಾಲ್ಕನೆಯ ಮನೆಯ 8ಕ್ಕಿಂತ ಒಂದು ಕಡಿಮೆ. ಮೊದಲ ಐದು ಮನೆ ಸೇರಿಸಿದರೆ 31. ಆರನೆಯ ಮನೆಯ 32ಕ್ಕಿಂತ ಒಂದು ಕಡಿಮೆ. ಹಾಗಾಗಿ 31 ಮನೆಗಳ ಮೊತ್ತ ಎಂದರೆ ಎರಡನ್ನು 31 ಸಲ ತೆಗೆದುಕೊಂಡು ಗುಣಿಸಿ 1 ಕಳೆದದ್ದು: 2³¹ − 1.

ಇಂಥ ಸಂಖ್ಯೆಗಳ ಬೆನ್ನು ಹತ್ತಿದವರು ಹಲವರು. ಇಟಲಿಯ ಕಟಾಲ್ಡಿ 2¹⁹ − 1, ಅಂದರೆ 5,24,287 ಅವಿಭಾಜ್ಯವೆಂದು ಭಾಗಿಸಿ ಭಾಗಿಸಿ ತೋರಿಸಿದ್ದರು. ಮುಂದೆ 23, 29, 31, 37 ಮನೆಗಳ ಮೊತ್ತಗಳೂ ಅವಿಭಾಜ್ಯ ಎಂದು 1603ರ ಪುಸ್ತಕದಲ್ಲಿ ಹೇಳಿದ್ದರು. ಆದರೆ 23 ಮತ್ತು 37ರದನ್ನು ಫರ್ಮಾ ಒಡೆದು ತೋರಿಸಿದರು. 29ರದನ್ನು ಆಯ್ಲರ್ ಒಡೆದರು. ಅದು 233ರಿಂದ ಭಾಗವಾಗುತ್ತದೆ. ನಾಲ್ಕರಲ್ಲಿ ಮೂರು ತಪ್ಪು! 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇನ್ನೊಂದು ಪಟ್ಟಿ ಕೊಟ್ಟರು. ಅದರಲ್ಲಿಯೂ 31 ಇತ್ತು. ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದೇ ಹೆಸರು ಬಂತು. ಆದರೆ ಅವರ ಪಟ್ಟಿಯಲ್ಲೂ ತಪ್ಪುಗಳಿದ್ದವು ಎಂದು ಮುಂದೆ ತಿಳಿಯಿತು. 67 ಮತ್ತು 257 ಅಲ್ಲಿ ಇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು.

ಹಾಗಾದರೆ 31ರ ಗತಿ ಏನು? ಅದೂ ಎಲ್ಲೋ ಒಂದು ಕಡೆ ಒಡೆಯಬಹುದಲ್ಲವೇ?

ಪರೀಕ್ಷೆ ಮಾಡುವುದು ಹೇಗೆ? ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದು ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರದು. 36ನ್ನು ನೋಡಿ: 2 × 18, 3 × 12, 4 × 9, 6 × 6. ಪ್ರತಿ ಜೋಡಿಯಲ್ಲೂ ಚಿಕ್ಕದು 6ನ್ನು ಮೀರಿಲ್ಲ. ನಮ್ಮ ಹತ್ತಂಕಿ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಂದರೆ 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅವು 4,700ಕ್ಕೂ ಹೆಚ್ಚಿವೆ. ಅಷ್ಟು ಭಾಗಾಕಾರ ಮಾಡುವಾಗ ಒಂದೆಡೆ ಕೈತಪ್ಪಿದರೂ ಎಲ್ಲ ವ್ಯರ್ಥ.

ಆಯ್ಲರ್ ಜರಡಿ ಹಿಡಿದರು. ಅವರ ಮೊದಲ ಜರಡಿಯನ್ನು ನೀವೂ ಅರ್ಥ ಮಾಡಿಕೊಳ್ಳಬಹುದು. 1ನ್ನು ಎರಡರಿಂದ ಗುಣಿಸುತ್ತಾ ಹೋಗಿ. ಬಂದ ಉತ್ತರ 23ನ್ನು ಮೀರಿದಾಗಲೆಲ್ಲ 23 ಕಳೆದು ಶೇಷ ಬರೆಯಿರಿ:

1, 2, 4, 8, 16, 9, 18, 13, 3, 6, 12, ಮತ್ತೆ 1.

11 ಹೆಜ್ಜೆಗೆ ಮತ್ತೆ 1ಕ್ಕೆ ಬಂದೆವು. ಇದರ ಅರ್ಥ, 2¹¹ನ್ನು 23ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ 2¹¹ − 1, ಅಂದರೆ 2047, ಶೇಷವಿಲ್ಲದೆ ಭಾಗವಾಗುತ್ತದೆ. ಹೌದು, 2047 = 23 × 89. ಈಗ ಗಮನಿಸಿ: 23ರಿಂದ 1 ಕಳೆದರೆ 22; ಅದು 11ರಿಂದ ಭಾಗವಾಗುತ್ತದೆ. 2ನ್ನು ಬಿಟ್ಟು ಯಾವ ಅವಿಭಾಜ್ಯ ಸಂಖ್ಯೆ ತೆಗೆದುಕೊಂಡರೂ ಹೀಗೆಯೇ. ಸುತ್ತು ಮುಗಿಯಲು ಬೇಕಾದ ಹೆಜ್ಜೆಗಳ ಸಂಖ್ಯೆಯು, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. ಇದನ್ನು ಮೊದಲು ಗಮನಿಸಿದವರು ಫರ್ಮಾ. ಸಾಧನೆ ಬರೆದು ಪ್ರಕಟಿಸಿದವರು ಆಯ್ಲರ್.

ನಮ್ಮ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಒಡೆಯುವುದಾದರೆ ಅದರ ಸುತ್ತು 31 ಹೆಜ್ಜೆಯದು. 31 ಸ್ವತಃ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಸುತ್ತಿಗೆ ಅವಕಾಶವಿಲ್ಲ. ಆದ್ದರಿಂದ ಆ ಅವಿಭಾಜ್ಯದಿಂದ 1 ಕಳೆದರೆ ಸಿಗುವ ಸಂಖ್ಯೆ 31ರಿಂದ ಭಾಗವಾಗಬೇಕು. ಅದು ಸಮಸಂಖ್ಯೆಯೂ ಹೌದು. ಹಾಗಾಗಿ 62ರಿಂದಲೂ ಭಾಗವಾಗಬೇಕು. ಅಂದರೆ ನಾವು ಹುಡುಕಬೇಕಾದದ್ದು 62ರಿಂದ ಭಾಗಿಸಿದಾಗ 1 ಉಳಿಯುವ ಸಂಖ್ಯೆಗಳನ್ನು ಮಾತ್ರ: 63, 125, 187, 249, 311...

ಆಯ್ಲರ್ ಬಳಿ ಎರಡನೆಯ ಜರಡಿಯೂ ಇತ್ತು. ಇಂಥ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ 1 ಅಥವಾ 7 ಮಾತ್ರ ಉಳಿಯಬಲ್ಲದು. 125ನ್ನು 8ರಿಂದ ಭಾಗಿಸಿದರೆ 5 ಉಳಿಯುತ್ತದೆ, ಬಿಡಿ. 187ಕ್ಕೆ 3, ಅದನ್ನೂ ಬಿಡಿ. ಹೀಗೆ ಅರ್ಧದಷ್ಟು ಕೆಳಗೆ ಬಿದ್ದವು. ಜರಡಿಯ ಮೇಲೆ ಉಳಿದವು 63, 249, 311, 497, 559... 63 ಅಂತೂ ಅವಿಭಾಜ್ಯವಲ್ಲ. ಅದನ್ನು ಬಿಟ್ಟರೆ 46,340ರವರೆಗೆ ಉಳಿಯುವುದು 372 ಸಂಖ್ಯೆಗಳು ಮಾತ್ರ! ಅವುಗಳಲ್ಲಿಯೂ ಅವಿಭಾಜ್ಯವಲ್ಲದವನ್ನು ತೆಗೆದುಹಾಕಬಹುದು. 249 ಎಂದರೆ 3 × 83. 497 ಎಂದರೆ 7 × 71. 559 ಎಂದರೆ 13 × 43. ಮೊದಲು ನಿಜವಾಗಿ ಭಾಗಿಸಬೇಕಾದದ್ದು 311ರಿಂದ. ಅಲ್ಲಿ 35 ಉಳಿಯುತ್ತದೆ. ಮುಂದಿನದಕ್ಕೆ ಹೋಗಬೇಕು. ಹೀಗೆ ಕೊನೆಯವರೆಗೂ ನೋಡಿದರೂ ಒಂದಾದರೂ ಸಂಖ್ಯೆ ಶೇಷವಿಲ್ಲದೆ ಭಾಗಿಸಲಿಲ್ಲ.

1772ರಲ್ಲಿ ಆಯ್ಲರ್ ಬರ್ನೂಲಿ ಮನೆತನದ ಮುಂದಿನ ಪೀಳಿಗೆಯ ಗಣಿತಜ್ಞರೊಬ್ಬರಿಗೆ ಕಳಿಸಿದ ಪತ್ರದಲ್ಲಿ ಈ ಫಲಿತಾಂಶವನ್ನು ತಿಳಿಸಿದರು. 214,74,83,647 ಅವಿಭಾಜ್ಯ. ನಮ್ಮ ರಾಗಿಯನ್ನು ಯಾರೂ ಸಮವಾಗಿ ಹಂಚಲಾರರು!

ಭಾಗಾಕಾರ ಮಾಡುವುದು ಅಭ್ಯಾಸವಿರುವ ಎಲ್ಲರಿಗೂ ಬರುತ್ತದೆ. ಯಾವ ಭಾಗಾಕಾರ ಬೇಕಿಲ್ಲ ಎಂದು ಕಂಡುಹಿಡಿಯುವುದು ಕಷ್ಟ. ಸಾವಿರಾರು ಲೆಕ್ಕಗಳನ್ನು 372ಕ್ಕೆ ಇಳಿಸಿದ್ದು ಆಯ್ಲರ್ ಅವರ ಯೋಚನೆ. ಆ ಯೋಚನೆಗೆ ಕಣ್ಣು ಬೇಕಾಗಿರಲಿಲ್ಲ.

ಆಮೇಲೆ ಏನಾಯಿತು?

ಅನೇಕ ದಶಕಗಳ ಕಾಲ ಈ ಸಂಖ್ಯೆಗಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ. ಇದರಿಂದ ಒಂದು ಪರಿಪೂರ್ಣ ಸಂಖ್ಯೆಯೂ ದೊರೆಯಿತು. ಪರಿಪೂರ್ಣ ಸಂಖ್ಯೆ ಎಂದರೇನು ಗೊತ್ತೇ? 6ನ್ನು ಭಾಗಿಸುವ ಚಿಕ್ಕ ಸಂಖ್ಯೆಗಳು 1, 2, 3, ಕೂಡಿದರೆ 6. 28ಕ್ಕೆ 1, 2, 4, 7, 14; ಕೂಡಿದರೆ 28. ಅವಿಭಾಜ್ಯ ಮೊತ್ತ ಕೊಡುವ ಕೊನೆಯ ಮನೆಯ ಕಾಳನ್ನು ಆ ಮೊತ್ತದಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಬರುತ್ತದೆ. 2 × 3 = 6, 4 × 7 = 28. 31 ಮನೆಗಳ ಲೆಕ್ಕದಿಂದ ಬಂದದ್ದು 19 ಅಂಕಿಗಳ ಪರಿಪೂರ್ಣ ಸಂಖ್ಯೆ. ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರ ತಮ್ಮ ಪುಸ್ತಕದಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಮುಂದೆ ಯಾರೂ ಕಂಡುಹಿಡಿಯಲಾರರು, ಅದರಿಂದ ಪ್ರಯೋಜನವೂ ಇಲ್ಲ ಎಂಬ ಅರ್ಥದಲ್ಲಿ ಬರೆದರು. ಆದರೆ ಮನುಷ್ಯನ ಕುತೂಹಲ ಹಾಗೆಲ್ಲ ನಿಲ್ಲುವುದಿಲ್ಲ. 1876ರಲ್ಲಿ ಫ್ರಾನ್ಸಿನ ಲುಕಾ 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಯಂತ್ರದ ನೆರವಿಲ್ಲದೆ ತೋರಿಸಿದರು. 2024ರ ಅಕ್ಟೋಬರಿನಲ್ಲಿ ಗಣಕಯಂತ್ರಗಳ ಸಹಾಯದಿಂದ ಸಿಕ್ಕ ಮರ್ಸೆನ್ ಅವಿಭಾಜ್ಯದಲ್ಲಿ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ!

ಇನ್ನೊಂದು ಸ್ವಾರಸ್ಯ ಕೇಳಿ. ಹಳೆಯ ಮಾದರಿಯ ಅನೇಕ ಗಣಕಯಂತ್ರಗಳು ಒಂದು ಸಂಖ್ಯೆಯನ್ನು 32 ಸ್ವಿಚ್ಚುಗಳಂಥ ಜಾಗಗಳಲ್ಲಿ ಇಡುತ್ತವೆ. ಒಂದು ಜಾಗ ಧನವೋ ಋಣವೋ ಎಂದು ಹೇಳುವುದಕ್ಕೆ. ಉಳಿದ 31 ಜಾಗಗಳು ನಮ್ಮ ಚದುರಂಗದ ಮನೆಗಳಂತೆಯೇ. ಎಲ್ಲವೂ ತುಂಬಿದಾಗ ಸಿಗುವ ಅತಿ ದೊಡ್ಡ ಸಂಖ್ಯೆ ಯಾವುದು ಹೇಳಿ? ಅದೇ ಆಯ್ಲರ್ ಸಂಖ್ಯೆ! 2014ರಲ್ಲಿ ಯೂಟ್ಯೂಬ್‌ನಲ್ಲಿ ಕೊರಿಯಾ ದೇಶದ ಒಂದು ಹಾಡನ್ನು ನೋಡಿದವರ ಎಣಿಕೆ ಈ ಸಂಖ್ಯೆಯನ್ನು ದಾಟಿತು. ಅದಕ್ಕಾಗಿ ಎಣಿಸುವ ವ್ಯವಸ್ಥೆಯನ್ನೇ ದೊಡ್ಡದು ಮಾಡಬೇಕಾಯಿತು. ಕೆಲವು ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸಿ ಸಮಯ ತಿಳಿಯುತ್ತವೆ. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ 214,74,83,647 ಮುಟ್ಟುತ್ತದೆ. ಸರಿಪಡಿಸದೆ ಉಳಿದ ಯಂತ್ರಗಳಿಗೆ ಮುಂದಿನ ಸೆಕೆಂಡು ಎಣಿಸಲು ಜಾಗವಿರುವುದಿಲ್ಲ. ಅದಕ್ಕಾಗಿ ತಂತ್ರಜ್ಞರು ಈಗಾಗಲೇ ಯಂತ್ರಗಳನ್ನು ಬದಲಾಯಿಸುತ್ತಾ ಬಂದಿದ್ದಾರೆ. ಆ ದಿನ ನೀವೆಲ್ಲ ದೊಡ್ಡವರಾಗಿರುತ್ತೀರಿ. ಬೆಳಿಗ್ಗೆ ಗಡಿಯಾರ ನೋಡಿದಾಗ ಆಯ್ಲರ್ ನೆನಪಾಗಲಿ.

ಕೊನೆಯ ದಿನ

1783ರ ಸೆಪ್ಟೆಂಬರ್ 18. ಆ ವರ್ಷವಷ್ಟೇ ಫ್ರಾನ್ಸಿನಲ್ಲಿ ಬಿಸಿಗಾಳಿಯ ಬಲೂನು ಮೇಲೇರಿತ್ತು. ಬಲೂನು ಹೇಗೆ ಏರುತ್ತದೆ ಎಂಬ ಲೆಕ್ಕದಲ್ಲಿ ಆಯ್ಲರ್ ತೊಡಗಿದ್ದರು. ಮೊಮ್ಮಗುವಿಗೆ ಪಾಠ ಹೇಳಿಕೊಟ್ಟರು. ಎರಡು ವರ್ಷಗಳ ಹಿಂದೆ ಹೊಸದಾಗಿ ಪತ್ತೆಯಾಗಿದ್ದ ಯುರೇನಸ್ ಗ್ರಹದ ಕಕ್ಷೆಯ ಬಗ್ಗೆ ಲೆಕ್ಸೆಲ್ ಜೊತೆ ಮಾತನಾಡಿದರು. ಸಂಜೆಯ ಹೊತ್ತಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಜ್ಞೆ ತಪ್ಪಿತು. ಅಂದೇ ರಾತ್ರಿ ತೀರಿಕೊಂಡರು. ವಯಸ್ಸು 76.

ಅವರು ಬರೆದಿಟ್ಟ ಪ್ರಬಂಧಗಳನ್ನು ಅಚ್ಚು ಹಾಕಿ ಮುಗಿಸಲು ಅಕಾಡೆಮಿಗೆ ಮತ್ತೆ ಸುಮಾರು 50 ವರ್ಷ ಹಿಡಿಯಿತು! ಅವರ ಒಟ್ಟು ಬರಹಗಳು 800ಕ್ಕೂ ಹೆಚ್ಚು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ ನೀವು ಬಳಸುವ ‘ಪೈ’ ಚಿಹ್ನೆ ಎಲ್ಲೆಡೆ ರೂಢಿಗೆ ಬಂದದ್ದು ಅವರ ಪುಸ್ತಕಗಳಿಂದ. ಘನಾಕೃತಿಗಳ ಮುಖ, ಶೃಂಗ, ಅಂಚುಗಳನ್ನು ಎಣಿಸುವಾಗ ನೀವು ಕಲಿಯುವ ಸೂತ್ರಕ್ಕೂ ಆಯ್ಲರ್ ಹೆಸರೇ ಇದೆ.

ಮಾಡಿ ನೋಡಿ

1. 641 × 67,00,417 ಗುಣಿಸಿ. ಫರ್ಮಾ ಎಡವಿದ ಸಂಖ್ಯೆ ಬರುತ್ತದೆಯೇ ನೋಡಿ.

2. ಎರಡರಿಂದ ಗುಣಿಸುತ್ತಾ 89ರ ಶೇಷಗಳನ್ನು ಬರೆಯಿರಿ. ಎಷ್ಟು ಹೆಜ್ಜೆಗೆ ಮತ್ತೆ 1 ಬರುತ್ತದೆ? ಆ ಸಂಖ್ಯೆ 88ನ್ನು ಶೇಷವಿಲ್ಲದೆ ಭಾಗಿಸುತ್ತದೆಯೇ?

3. ಚದುರಂಗದ 13 ಮನೆಗಳ ಮೊತ್ತ 8191. ಅದರ ವರ್ಗಮೂಲ 91ಕ್ಕಿಂತ ಕಡಿಮೆ. ಅದನ್ನು ಒಡೆಯುವ ಅವಿಭಾಜ್ಯ ಇದ್ದರೆ 26ರಿಂದ ಭಾಗಿಸಿದಾಗ 1 ಉಳಿಯಬೇಕು. 90ರೊಳಗೆ ಅಂಥ ಅವಿಭಾಜ್ಯಗಳು ಎಷ್ಟಿವೆ? ಅವುಗಳಿಂದ ಭಾಗಿಸಿ ನೋಡಿ. 8191 ಅವಿಭಾಜ್ಯವೋ ಅಲ್ಲವೋ ನೀವೇ ತೀರ್ಮಾನಿಸಿ. ಉತ್ತರವನ್ನು ನಿಮ್ಮ ಶಿಕ್ಷಕರಿಗೆ ತೋರಿಸುವ ಮೊದಲು ಗೆಳೆಯರೊಬ್ಬರಿಗೆ ಕಾರಣ ಸಮೇತ ವಿವರಿಸಿ. ಅವರು ಒಪ್ಪಿದರೆ, ಆಯ್ಲರ್ ಮಾಡಿದ ಕೆಲಸದ ಒಂದು ಚಿಕ್ಕ ತುಣುಕನ್ನು ನೀವೂ ಮಾಡಿದಂತಾಯಿತು.